ಆಕಾಶದವನು ಮನೆ ಮುಟ್ಟುವ ತನಕ

ನಮ್ಮ ಮನೆಗೆ ಹೊಸ ವಸ್ತು ಯಾವುದೇ ಬರಲಿ, ಅದರ ಬೆನ್ನಿಗೆ ಒಂದು ಗೊಂದಲವೂ ಕಾಲು ತೊಳೆದುಕೊಂಡು ಒಳಗೆ ಬಂದೇ ಬರುತ್ತದೆ. ಮಿಕ್ಸಿ ಬಂದಾಗ ಬಂತು, ಮೊಬೈಲು ಬಂದಾಗ ಬಂತು. ಈ ಸಲ ಚೀನಾದಿಂದ ಬಂತು.

ನಿಂಬೆಹಣ್ಣು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಅಳಿಯನ ಬಟ್ಟೆ ಅಂಗಡಿ. ಮಗಳು ಕುರುಗೋಡಿನ ನಮ್ಮ ಮನೆಗೆ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದಳು. “ಅಪ್ಪಾ, ಚೀನಾದ್ದೊಂದು ಧಾರಾವಾಹಿ ಐತಿ, ವಿಜ್ಞಾನದ ಕಥಿ. ತೆಲುಗಿನಾಗ ಮಾತಾಡ್ತಾರ, ನೋಡ್ರಿ” ಎಂದು ಹಚ್ಚಿಕೊಟ್ಟು ಬಸ್ಸು ಹತ್ತಿದಳು.

ನಾನು ಓದಿದ್ದು ಹಳ್ಳಿಯ ಸಾಲಿಯಲ್ಲಿ. ವಿಜ್ಞಾನವೆಂದರೆ ಹುರುಳಿಕಾಳು ನೆನೆಹಾಕಿ ಮೊಳಕೆ ಬರಿಸಿದ್ದು, ಅಷ್ಟೇ. ತೆಲುಗು ಮಾತ್ರ ನಮಗೆ ಬಳಕೆಯ ಮಾತು. ಹೀಗಾಗಿ ಅವರು ಆಡಿದ ಮಾತೆಲ್ಲ ತಿಳಿಯಿತು. ಏನು ಹೇಳುತ್ತಿದ್ದಾರೆ ಎಂಬುದೊಂದು ತಿಳಿಯಲಿಲ್ಲ.

ಒಬ್ಬ ಮನುಷ್ಯ ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು, ಯಾವುದೋ ದೂರದ ನಕ್ಷತ್ರಕ್ಕೆ ಹೊರಟಿದ್ದ. ಗೋಪುರದಷ್ಟು ಎತ್ತರದ ಗಾಡಿ. ಹೆಂಡತಿಗೆ ಹೇಳಿದೆ: “ನೋಡು, ಇಷ್ಟು ದೊಡ್ಡ ಹೊಸಾ ಗಾಡಿ ತಗದಾರ. ಒಂದು ಕಾಯಿ ಒಡೀಲಿಲ್ಲ, ಗಾಲಿ ಕೆಳಗ ಒಂದು ನಿಂಬಿಹಣ್ಣು ಇಡ್ಲಿಲ್ಲ.”

ಆಕೆ ಟಿವಿಯಿಂದ ಕಣ್ಣು ಕೀಳದೆ ಕೇಳಿದಳು. “ಗಾಲಿ ಎಲ್ಲಿ ಅದಾವ್ರಿ ಅದಕ್ಕ?”

ಅದೇ ದಿನ

ಮುಂದೆ ಆಕಾಶದಲ್ಲಿ ಅವನು ಏಳುತ್ತಾನೆ, ನೀರು ಕುಡಿಯುತ್ತಾನೆ, ಲೋಟ ಕೈತಪ್ಪಿ ಬೀಳುತ್ತದೆ. ಮರುದಿನದ ಕಂತಿನಲ್ಲೂ ಎದ್ದ, ಕುಡಿದ, ಲೋಟ ಬಿತ್ತು. ಅದರ ಮರುದಿನವೂ ಲೋಟ ಬಿದ್ದಾಗ ನಾನು ಇಂಟರ್ನೆಟ್ ಲೈನಿನವನಿಗೆ ಫೋನು ಮಾಡಿದೆ. “ಏನಪಾ, ಹಳೇ ಕಂತ ಮತ್ತ ಮತ್ತ ಬಿಡಾಕತ್ತೀಯಲ್ಲ?”

ಪಾಪ, ಬಂದ. ತಂತಿ ಜಗ್ಗಿ ನೋಡಿದ, ಆಮೇಲೆ ಕೂತು ಕಂತು ನೋಡಿದ. “ಕಾಕಾ, ಲೈನು ಚಲೋ ಐತಿ. ಕಥಿನ ಹಂಗೈತಿ. ಅವಂಗ ಒಂದ ದಿನ ತಿರುತಿರುಗಿ ಬರತೈತಿ. ಎಷ್ಟು ಬಡಕೊಂಡ್ರೂ ನಾಳೆ ಅನ್ನೂದ ಬರೂದಿಲ್ಲ.”

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಿಂತಿತು. “ಇದನ್ನ ತೋರ್ಸಾಕ ಚೀನಾದವರು ಯಾಕ ಬೇಕು? ಅವರು ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ಲ.”

ಹರಕೆ

ಒಂದು ಸೋಮವಾರ ಮಧ್ಯಾಹ್ನ ಹೆಂಡತಿ ನನಗೊಬ್ಬನಿಗೇ ತಾಟು ಹಾಕಿದಳು. ಆಕೆಗೆ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿ ಬಿಡಬಾರದೆಂದು ಡಾಕ್ಟರು ಗದರಿಸಿ ಹೇಳಿದ್ದರು.

“ಯಾಕ, ಉಣ್ಣೂದಿಲ್ಲೇನು?”

“ಹರಕಿ ಹೊತ್ತೀನ್ರಿ. ಆಕಾಶಕ್ಕ ಹೋದಾತ ತಿರುಗಿ ಬಂದು ಹೆಂಡ್ತಿ ಮಕ್ಕಳ ಮಾರಿ ನೋಡೂ ತನಕ ಸೋಮವಾರ ಹಗಲು ಊಟ ಇಲ್ಲ.”

“ಲೇ, ಅವ ಬಣ್ಣ ಹಚ್ಚಿಕೊಂಡವ. ಇಷ್ಟೊತ್ತಿಗೆ ತನ್ನ ಮನ್ಯಾಗ ಉಂಡು ಅಡ್ಡಾಗಿರ್ತಾನ.”

“ಅಷ್ಟೂ ತಿಳಿಯೂದಿಲ್ಲೇನು ನನಗ? ಅವ ಬಣ್ಣ ಹಚ್ಚಿರಬೌದು. ಹರಕಿ ಹೊತ್ತದ್ದು ಬಸವಣ್ಣನ ಮುಂದ. ಬಸವಣ್ಣ ಬಣ್ಣ ಹಚ್ಚಿಲ್ಲಲ್ಲ?”



ನಾದಿನಿಯ ಉತ್ತರ

ಸಿರುಗುಪ್ಪದಲ್ಲಿರುವ ನಾದಿನಿ ಆ ಧಾರಾವಾಹಿಯನ್ನು ಪೂರ್ತಿ ನೋಡಿದ್ದಳು. ಹೆಂಡತಿ ಹಿತ್ತಲಲ್ಲಿದ್ದಾಗ ಫೋನು ಮಾಡಿದೆ. “ನಿಮ್ಮಕ್ಕ ಉಪಾಸ ಬಿದ್ದಾಳ. ಅವ ಮನಿ ಮುಟ್ತಾನೋ ಇಲ್ಲೋ, ಅಷ್ಟು ಹೇಳಿಬಿಡವಾ.”

“ಒಬ್ಬ ಮುಟ್ತಾನ ಮಾವಾ. ಆದ್ರ ಅವ ಇವನಲ್ಲ. ಇವನಂಥ ಇನ್ನೊಬ್ಬ.”

“ಹಂಗಾರ ಇವ ಎಲ್ಲದಾನ?”

“ಇವ ಇನ್ನೂ ಹೊಂಟೇ ಇಲ್ಲ.”

ಫೋನಿಟ್ಟು ವಿಭೂತಿ ಹಚ್ಚಿಕೊಂಡೆ.

ತೀರ್ಪು

ಕಡೆಗೊಂದು ಭಾನುವಾರ ಅವನು ಬಂದ. ಇವನೋ ಇನ್ನೊಬ್ಬನೋ, ಬಂದಂತೂ ಬಂದ. ಬಾಗಿಲು ತೆರೆದವಳು ನರೆಗೂದಲಿನ ಮುದುಕಿ. ಇವನ ಕೂದಲು ಕರ್ರಗೆ. ಆ ಮುದುಕಿ ಇವನನ್ನು “ನಾನ್ನಾ”, ಅಂದರೆ ಅಪ್ಪಾ, ಎಂದು ಕರೆದಳು! ಅಪ್ಪ ಹೋಗಿಬರುವಷ್ಟರಲ್ಲಿ ಮಗಳು ಅಪ್ಪನಿಗಿಂತ ಹಿರಿಯಳಾಗಿದ್ದಳು. ಹೆಂಡತಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮುಗೀತಲ್ಲ, ನಾಳೆ ಉಣ್ಣು” ಎಂದೆ.

“ಹೆಂಗ ಉಣ್ಲಿ? ಹೆಂಡ್ತಿ ಮಕ್ಕಳ ಮಾರಿ ಅಂತ ಬೇಡಿಕೊಂಡೀನಿ. ಹೆಂಡ್ತಿನ ಇಲ್ಲಂದ್ರ ಮಾರಿ ಎಲ್ಲಿಂದ ನೋಡ್ಬೇಕು ಆತ?”

ಅಂದರೆ ಸಾಯುವ ತನಕ ಸೋಮವಾರ ಉಪವಾಸ! ಮರುದಿನ ಮುಂಜಾನೆ ಆಕೆಯನ್ನು ಕರೆದುಕೊಂಡು ಗುಡಿಗೆ ನಡೆದೆ. ಪೂಜೆಯ ಅಯ್ಯನವರ ಮನೆ ಗುಡಿಯ ಮಗ್ಗುಲಿಗೇ ಇದೆ. ಬಹಳ ಕಟ್ಟುನಿಟ್ಟಿನ ಮನುಷ್ಯ; ಟಿವಿ ಹೆಸರೆತ್ತಿದರೆ ಬೈಯುತ್ತಾರೆಂದು ಹೆದರಿ ಸುತ್ತಿ ಬಳಸಿ ಹೇಳಿದೆ. “ಅಯ್ಯನೋರ, ಒಬ್ಬಾತ ದೂರದೂರಿಗೆ ಹೋಗಿದ್ದ. ತಿರುಗಿ ಬರೂದ್ರಾಗ ಹೆಂಡ್ತಿ ಶಿವನ ಪಾದ ಸೇರಿದ್ಲು. ಮಗಳ ಮಾರಿ ಅಷ್ಟ ನೋಡಿದ. ಅವರಿಬ್ಬರ ಮಾರಿ ನೋಡ್ಲಿ ಅಂತ ಈಕಿ ಹರಕಿ ಹೊತ್ತಿದ್ಲು. ತೀರಿತೋ, ಇಲ್ಲೋ?”

ಅಯ್ಯನವರು ಕಣ್ಣು ಮುಚ್ಚಿದರು. “ಮಗಳ ಮಾರಿಯೊಳಗ ತಾಯಿ ಮಾರಿ ಇದ್ದ ಇರ್ತೈತಿ. ಅದನ್ನ ನೋಡಿದ್ರ ಇದನ್ನೂ ನೋಡಿದಂಗ. ತೀರಿತು.” ಪ್ರಸಾದ ತಂದು ಹೆಂಡತಿಯ ಅಂಗೈಗಿಟ್ಟು, “ನನ್ನ ಮುಂದ ಉಣ್ಣವಾ ತಾಯಿ” ಎಂದರು. ಆಕೆ ಉಂಡಳು. ನನಗೆ ಜೀವ ಬಂತು.

ನಮಸ್ಕಾರ ಮಾಡಿ ಹೊರಡಬೇಕು, ಅಯ್ಯನವರು ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು. “ಬಂದದ್ದು ಖರೇನ? ನೀವ ಕಣ್ಣಾರೆ ನೋಡೀರಿ?”

“ಬಸವಣ್ಣನಾಣೆ ನೋಡೀನ್ರಿ.”

ಅಯ್ಯನವರು ಮನೆಯ ಕಡೆ ತಿರುಗಿ ಗುಡಿ ಗುಂಯ್ಗುಡುವಂತೆ ಕೂಗಿದರು: “ಏ, ಇನ್ನ ಸೋಮವಾರನೂ ಮಧ್ಯಾಹ್ನಕ್ಕ ಒಲಿ ಹಚ್ಚ! ಆಕಾಶಕ್ಕ ಹೋದಾತ ಮನಿ ಮುಟ್ಟಿದನಂತ!”