ಖಂಡೆ ಪೂಜೆಗೆ ಕೂತ ಬಿಲ್ಡ್ ಫೈಲು

ಒಂದು ಫೈಲನ್ನು ಸ್ವಚ್ಛ ಮಾಡುವುದು ಪಾತ್ರೆ ತೊಳೆದಷ್ಟೇ ಸುಲಭ ಎಂದು ನಾನು ದೃಢವಾಗಿ ನಂಬಿದ್ದೆ.

ರಾಣೆಬೆನ್ನೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ನಾನೊಂದು ಸಾಫ್ಟ್‌ವೇರ್ ಲೈಬ್ರರಿಯನ್ನು ನೋಡಿಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ ಕಾಟಾದ ಮೇಲಿಟ್ಟ ಚೀಲದ ತೂಕವನ್ನು ಕಂಪ್ಯೂಟರಿಗೆ ತಿಳಿಸುವುದಷ್ಟೇ ಅದರ ಕೆಲಸ. ಆದರೆ ಕಂಪ್ಯೂಟರುಗಳೆಲ್ಲ ಒಂದೇ ಜಾತಿಯವಲ್ಲ. ವಿಂಡೋಸಿಗೆ ಒಂದು ರೀತಿ, ಲಿನಕ್ಸಿಗೆ ಇನ್ನೊಂದು ರೀತಿ, ಮ್ಯಾಕಿಗೆ ಮತ್ತೊಂದು ರೀತಿ ಕಟ್ಟಿಕೊಡಬೇಕು. ಯಾರಿಗೆ ಏನೇನು ಸೇರಿಸಬೇಕೆಂದು ಹೇಳುವುದೇ ಬಿಲ್ಡ್ ಫೈಲು. ತೇಪೆಯ ಮೇಲೆ ತೇಪೆ ಬಿದ್ದು ಅದು ನಮ್ಮತ್ತೆಯ ಕೌದಿಯಂತಾಗಿತ್ತು.

ದಸರೆ ಬಂತು. ಅತ್ತೆ ಕೌದಿಗಳನ್ನೆಲ್ಲ ಒಗೆಯಲು ಹೊರಗೆ ಹಾಕಿ, "ಹಬ್ಬ ಬಂತವಾ, ಬಳಸದ್ದೆಲ್ಲಾ ಹೊರಗ ಹಾಕು" ಎಂದು ಅಪ್ಪಣೆ ಕೊಟ್ಟರು. ಅವರು ಹೇಳಿದ್ದು ಅಡುಗೆಮನೆಯ ಬಗ್ಗೆ. ನಾನು ಬಿಲ್ಡ್ ಫೈಲು ತೆರೆದೆ!

'ಹಳೆಯ ವಿಂಡೋಸ್ ಆದರೆ ಕಾಟಾ ಓದುವ ಈ ಭಾಗವನ್ನೂ ಸೇರಿಸು' ಎಂಬರ್ಥದ ಸಾಲುಗಳು ಕಂಡವು. ಈ ಕಾಲದಲ್ಲಿ ಅದನ್ನು ಯಾವ ಪುಣ್ಯಾತ್ಮ ಬಳಸುತ್ತಾನೆ? ಅಳಿಸಿದೆ. ನನ್ನ ಮೂರೂ ಹೊಸ ಕಂಪ್ಯೂಟರುಗಳಲ್ಲಿ ಕಟ್ಟಿ ನೋಡಿದೆ. ಒಂದೂ ತಕರಾರು ಮಾಡಲಿಲ್ಲ. 'ಮಾನ್ಯ ಬಳಕೆದಾರರ ಗಮನಕ್ಕೆ' ಎಂದು ಹೊಸ ಆವೃತ್ತಿ ಹೊರಡಿಸಿ, ಹಳೆಯ ಆವೃತ್ತಿಗಳನ್ನೂ ಕಿತ್ತು ಹಾಕಿದೆ. ಸ್ವಚ್ಛ ಎಂದರೆ ಸ್ವಚ್ಛ! ಅಷ್ಟಕ್ಕೇ ಸುಮ್ಮನಿರದೆ ಗಂಡನಿಗೂ ಹೇಳಿದೆ: "ಅಂಗಡ್ಯಾಗೂ ಹೊಸಾದ ಹಾಕ್ಕೋರಿ."

ಅಂಗಡಿ ಎಂದರೆ ಬ್ಯಾಡಗಿಯಲ್ಲಿರುವ ಮಾವನವರ ಮೆಣಸಿನಕಾಯಿ ಅಂಗಡಿ. ತಕ್ಕಡಿ ಬಿಡಲು ಒಲ್ಲೆ ಎಂದ ಮಾವನವರನ್ನು ಓಲೈಸಿ ಸೊಸೆಯ ಸಾಫ್ಟ್‌ವೇರನ್ನು ಒಳಗೆ ತರಲು ಗಂಡನಿಗೆ ಸಾಕುಸಾಕಾಗಿತ್ತು. ಅಲ್ಲಿನ ಕಂಪ್ಯೂಟರನ್ನು ನಾನು ಕಂಡವಳೇ ಅಲ್ಲ. ಘಾಟಿಗೆ ಹೆದರಿ ಬಾಗಿಲಲ್ಲೇ ಸೀನಿ ವಾಪಸು ಬರುವವಳು ನಾನು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕಾಟಾಕ್ಕೆ ಕಾಯಿ ಒಡೆದು, ಮೊದಲ ಚೀಲವಿಟ್ಟು ಶುಭದ ತೂಕ ನೋಡುವುದು ಆ ಅಂಗಡಿಯ ಪದ್ಧತಿ. ಅಂದು ಬೆಳಿಗ್ಗೆ ಗಂಡನ ಫೋನು ಬಂತು.

"ಏನ್ ಮಾಡೀದಿ? ಚೀಲಾ ಇಟ್ರ ಸೊನ್ನಿ ತೋರ್ಸಾಕತ್ತೈತಿ!"

"ಕಂಪ್ಯೂಟರ್ ಯಾವಾಗಿಂದರೀ ಅದು?"

"ನೀ ಈ ಮನಿಗೆ ಬರೂಕಿಂತ ಮದ್ಲಿಂದು. ಹಬ್ಬದ ದಿನಾ ಸೊನ್ನಿ ಅಂದ್ರ ಏನರ್ಥ ಅಂತ ಅಪ್ಪಾ ಕೇಳಾಕತ್ತಾರ. ಲಗೂ ಏನರ ಮಾಡು!"

ಆ ಪುಣ್ಯಾತ್ಮ ನನ್ನ ಮಾವನವರೇ! ಅಳಿಸಿದ ಸಾಲು ಮತ್ತೆ ಸೇರಿಸಿ ಕಟ್ಟಿ ಕಳಿಸಿದರೆ ಮಾನ ಉಳಿಯುತ್ತದೆ ಎಂದು ಕೋಣೆಗೆ ಓಡಿದೆ. ಮೂರೂ ಕಂಪ್ಯೂಟರುಗಳು ಈಳಿಗೆ, ಕುಡಗೋಲು, ಮಿಕ್ಸರುಗಳ ಜೊತೆ ಸಾಲಾಗಿ ಕೂತಿದ್ದವು. ಪರದೆಗೆ ವಿಭೂತಿ, ಕೀಲಿಮಣೆಯ ಮೇಲೆ ಚೆಂಡುಹೂವು. ಎದುರಿಗೆ ಅತ್ತೆ, ಕೈಯಲ್ಲಿ ಆರತಿ.

"ಅತ್ತೀ, ಒಂದ ಸಾಲ ಬರದ ಎದ್ದಬಿಡ್ತೇನ್ರಿ."

"ಪೂಜಿ ಆಗೇತಿ. ನಾಳೆ ಬನ್ನಿ ಕೊಡೂತನಕಾ ಆಯುಧ ಎತ್ತಬಾರದವಾ."

"ಇದು ಆಯುಧ ಅಲ್ರೀ!"

"ಮೊನ್ನೆ ಭಾಂಡೆ ತಿಕ್ಕು ಅಂದಾಗ ಏನಂದಿ? ಕಂಪ್ಯೂಟರ ನನ್ನ ಆಯುಧಾ ಅಂದಿ."

ಅತ್ತೆಯ ನೆನಪಿನ ಶಕ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಅಂದು ಅಳು ಬಂತು.

ಬ್ಯಾಡಗಿಯಲ್ಲಿ ಶುಭದ ತೂಕ ತಕ್ಕಡಿಯಲ್ಲೇ ಆಯಿತು. ಬಳಸದ್ದನ್ನೆಲ್ಲ ಹೊರಗೆ ಹಾಕಿಸುವ ಅತ್ತೆಗೆ ತಿಳಿಯದಂತೆ ಮಾವನವರು ಅದನ್ನು ಅಂಗಡಿಯ ಅಟ್ಟದ ಮೇಲೆ ಇಟ್ಟುಕೊಂಡಿದ್ದರಂತೆ. ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ಮಾವನವರ ಕಾಲಿಗೆರಗಿದೆ.

"ಬಂಗಾರದಂಗ ಇರೂಣವಾ" ಎಂದು ತಲೆಯ ಮೇಲೆ ಕೈಯಿಟ್ಟು ಹರಸಿದರು. ಕೈ ತೆಗೆಯದೆಯೇ ಮುಂದುವರಿಸಿದರು: "ತೂಕಾ ಮಾತ್ರ ತಕ್ಕಡ್ಯಾಗ ಇರ್ಲಿ."

ಆಮೇಲೆ ನಾನು ಆ ಸಾಲುಗಳನ್ನೆಲ್ಲ ಮತ್ತೆ ಸೇರಿಸಿ ಕಳಿಸಿದೆ. ಈಗ ಅಂಗಡಿಯ ಕಾಟಾ ಒಂದು ಗ್ರಾಂ ತಪ್ಪುವುದಿಲ್ಲ. ಅದರ ಮೇಲೆ ಚಹಾದ ಕಿಟ್ಲಿ ಇಡುತ್ತಾರೆ. ಚಹಾ ಎಷ್ಟು ಉಳಿದಿದೆ ಎಂಬುದು ಕಂಪ್ಯೂಟರಿನಲ್ಲಿ ಪಕ್ಕಾ ಬರುತ್ತದೆ!