ಗುಂಡಿಗೆ ಬಿಗಿದ ರಬ್ಬರ್ ಬ್ಯಾಂಡ್

ಮೇಷ್ಟ್ರಿಗೆ ತಲೆ ಕೆಟ್ಟುಹೋಗಿತ್ತು. ಕಾಲೇಜಿನಲ್ಲಿ ವರ್ಷಗಟ್ಟಲೆ ಸಂಕೇತ ರವಾನೆಯ ಪಾಠ ಹೇಳಿದ ಮಹಾನುಭಾವರು. ಭೂಮಿಯಿಂದ ಉಪಗ್ರಹಕ್ಕೆ ಮಾತು ಹೇಗೆ ಮುಟ್ಟುತ್ತದೆಂದು ನಿದ್ದೆಗಣ್ಣಿನಲ್ಲೂ ವಿವರಿಸಬಲ್ಲರು. ಆದರೆ ಮಹಡಿಯ ಕೋಣೆಯಿಂದ ಕೆಳಗಿನ ಅಡುಗೆಮನೆಗೆ ಒಂದು ಲೋಟ ಟೀ ಬೇಕೆಂಬ ಸುದ್ದಿ ಮುಟ್ಟಿಸಲು ಗಂಟಲು ಹರಿಯುವಂತೆ ಕೂಗಬೇಕಿತ್ತು. (ಮೊಬೈಲ್ ಇಲ್ಲವೇ ಎಂದು ಕೇಳಬೇಡಿ. ಹೆಂಡತಿಯ ಮೊಬೈಲು ಸದಾ ಕೈಚೀಲದ ತಳದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ.)

ಕೊನೆಗೆ ಒಂದು ಜೊತೆ ವಾಕಿಟಾಕಿ ತಂದರು. ಹೆಂಡತಿಯನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು.

"ನೋಡು, ಈ ಗುಂಡಿ ಒತ್ತಿದ್ರೆ ನಿನ್ನ ಮಾತು ಅಲೆಯಾಗಿ ಹೊರಟು ನನ್ನ ಡಬ್ಬಿಗೆ ಬರುತ್ತೆ. ಬಿಟ್ರೆ ಮಾತ್ರ ನನ್ನ ಮಾತು ನಿನಗೆ ಕೇಳುತ್ತೆ. ಎರಡೂ ಒಟ್ಟಿಗೆ ಆಗಲ್ಲ."

"ಕೈಯೆಲ್ಲ ಹಿಟ್ಟಾಗಿರುತ್ತೆ. ಒತ್ತು, ಬಿಡು, ಒತ್ತು, ಬಿಡು ಅಂದ್ರೆ? ನನಗೇನು ಬೇರೆ ಕೆಲಸ ಇಲ್ವಾ?"

"ಇನ್ಮೇಲೆ ಈ ಮನೇಲಿ ಯಾರೂ ಕೂಗೋ ಹಾಗಿಲ್ಲ!" ಎಂದು ಮೇಷ್ಟ್ರು ಕೂಗಿದರು.

ಹೆಂಡತಿ ಗುಂಡಿಗೆ ಒಂದು ರಬ್ಬರ್ ಬ್ಯಾಂಡ್ ಬಿಗಿದು ಸಮಸ್ಯೆಯನ್ನು ಶಾಶ್ವತವಾಗಿ ಬಗೆಹರಿಸಿಬಿಟ್ಟಳು. ಅಂದಿನಿಂದ ಮಹಡಿಗೆ ಅಡುಗೆಮನೆಯ ನೇರ ಪ್ರಸಾರ: ಪಾತ್ರೆಗಳ ಸದ್ದು, ಸೀನು, ಮನೆಯಲ್ಲೇ ಇದ್ದ ಮೇಷ್ಟ್ರ ತಂಗಿಯೊಡನೆ ಹರಟೆ, ಎಲ್ಲವೂ. ಮೇಷ್ಟ್ರ ಮಾತು ಮಾತ್ರ ಕೆಳಗೆ ಇಳಿಯಲೇ ಇಲ್ಲ. ಬ್ಯಾಂಡ್ ಕಿತ್ತುಹಾಕಿದರೆ ಇನ್ನೊಂದು ಬರುತ್ತಿತ್ತು. ಇಂಥ ಹೆಂಗಸಿಗೆ ಹೇಗಪ್ಪಾ ಹೇಳುವುದು ಎಂದು ಅವರು ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಅದನ್ನು ಕೊಡಬೇಕಾದ ಪ್ರಾಂಶುಪಾಲರು ಭಾನುವಾರ ಟೀಗೆ ಬರುತ್ತೇನೆಂದರು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಬೆಳಿಗ್ಗೆಯೇ ಬ್ಯಾಂಡನ್ನು ಕೈಯಾರೆ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಮಹಡಿಯ ಕೋಣೆಯಲ್ಲಿ ಕುಳಿತ ಪ್ರಾಂಶುಪಾಲರು ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡರು. "ಇದೇನು ಮೇಷ್ಟ್ರೇ?"

"ಮನೆಯಲ್ಲೂ ಶಿಸ್ತಿನ ಸಂವಹನ ಸಾರ್! ಕೇಳಿ ನೋಡಿ," ಎಂದು ಮೇಷ್ಟ್ರು ಹೆಮ್ಮೆಯಿಂದ ಸ್ವಿಚ್ ಹಾಕಿದರು.

ಹೆಂಡತಿಯ ದನಿ ಗಂಟೆ ಹೊಡೆದಂತೆ ಕೇಳಿಸಿತು. "...ಆಂಟೆನಾಕ್ಕೂ ಬಟ್ಟೆ ಒಣಗಿಸೋ ಕಂಬಕ್ಕೂ ವ್ಯತ್ಯಾಸ ಗೊತ್ತಿಲ್ಲದ ಪ್ರಾಂಶುಪಾಲರು ಅಂತ ನಿಮ್ಮಣ್ಣ ದಿನಾ ಬೈತಿದ್ರಲ್ಲ, ಇವರೇ. ಪಾಪ, ನೋಡಿದ್ರೆ ತಿಳಿದವರ ಹಾಗೇ ಕಾಣ್ತಾರೆ."

ಬ್ಯಾಂಡ್! ಹೊಸ ಬ್ಯಾಂಡ್! ಮೇಷ್ಟ್ರು ಕುರ್ಚಿಯಿಂದ ಜಿಗಿದೆದ್ದರು. ಡಬ್ಬಿಗೆ ಕೈ ಚಾಚಿದರೆ ಪ್ರಾಂಶುಪಾಲರು ಅದನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಸಿಕ್ಕಿದರೂ ಏನು ಪ್ರಯೋಜನ? ಮಾತಾಡುತ್ತಿರುವ ಡಬ್ಬಿ ಕಿವುಡು. ಅದು ಅವರದೇ ಪಾಠ. ಬೇರೆ ದಾರಿ ಕಾಣದೆ ಮೆಟ್ಟಿಲ ಬಳಿಗೆ ಓಡಿ, "ಏಯ್, ಬಾಯಿ ಮುಚ್ಚೇ!" ಎಂದು ಅರಚಿದರು.

ಉತ್ತರ ಪ್ರಾಂಶುಪಾಲರ ಕೈಯಲ್ಲಿದ್ದ ಡಬ್ಬಿಯಿಂದ ಬಂತು. "ದೊಡ್ಡವರು ಬಂದಿರುವಾಗ ಅದೇನ್ರೀ ಕೂಗಾಟ? ಕೂಗಬಾರದು ಅಂತ ನೀವೇ ಕಾನೂನು ಮಾಡಿದ್ದು. ಏನಿದ್ರೂ ಡಬ್ಬೀಲಿ ಹೇಳಿ."

ಪ್ರಾಂಶುಪಾಲರು ಎದ್ದು, ಡಬ್ಬಿಯನ್ನು ಬಹಳ ಮರ್ಯಾದೆಯಿಂದ ಮೇಷ್ಟ್ರ ಕೈಗಿತ್ತರು. "ಒಂದೊಂದು ಅಕ್ಷರವೂ ಮುಟ್ಟಿತು ಮೇಷ್ಟ್ರೇ. ಟೀ ಬೇಡ," ಎಂದವರೇ ಮೆಟ್ಟಿಲಿಳಿದು ಹೊರಟುಹೋದರು.

ಹುದ್ದೆಯೂ ಅವರ ಹಿಂದೆಯೇ ಹೋಯಿತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು, ಅಭ್ಯಾಸಬಲದಿಂದ ಗುಂಡಿ ಒತ್ತಿ, "ಮನೆ ಹಾಳಾಯ್ತು ಕಣೇ," ಎಂದರು. ಗುಂಡಿ ಬಿಟ್ಟದ್ದೇ ತಡ, ಡಬ್ಬಿ ಮಾತಾಡಿತು.

"ರೀ, ಹುದ್ದೆ ವಿಷಯ ಏನಂದ್ರು? ಯಾಕೆ ಸುಮ್ಮನಿದ್ದೀರಿ? ಬೇಗ ಹೇಳಿ, ಡಬ್ಬೀನ ಕಿವಿಗೇ ಇಟ್ಕೊಂಡು ಕಾಯ್ತಿದ್ದೀನಿ!"