ಪಾವ್ಲಜ್ಜನ ಕುವೈತ್ ರಾಗ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹದ್ದಿನ ಗರಿ. ಕುವೈತಿನಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಮರಳಿದ ಕೊನ್ರಾಡ್ ಊಟದ ಮೇಜಿನ ಮೇಲೆ ಕೈಯಾಡಿಸಿದಾಗ ಅದು ಅಲ್ಲಿರಲಿಲ್ಲ. ಸೋಫಾದ ಕೆಳಗೂ ಇರಲಿಲ್ಲ, ಟಿ.ವಿ.ಯ ಹಿಂದೆಯೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬಚ್ಚಲಿನ ಬಕೆಟ್ಟಿನಲ್ಲಿ, ಡೆಟಾಲ್ ನೀರಿನಲ್ಲಿ ತೇಲುತ್ತಿತ್ತು.

"ಹಕ್ಕಿಜ್ವರ ಬಂದಿದೆ ಅಂತ ನಮ್ಮ ಆಸ್ಪತ್ರೆಯಲ್ಲಿ ದಿನಾ ಮೀಟಿಂಗ್ ಆಗ್ತಾ ಉಂಟು. ನೀನು ಎಲ್ಲಿಯದೋ ಹದ್ದಿನ ಗರಿ ತಂದು ಅನ್ನ ಉಣ್ಣುವ ಮೇಜಿನ ಮೇಲೆ ಇಡ್ತೀ," ಎಂದಳು ಅವನ ಹೆಂಡತಿ ಲೂರ್ಡ್ಸ್. ಅವಳು ನರ್ಸು. ಡೆಟಾಲಿನಲ್ಲಿ ಅದ್ದಿದ ಮೇಲೆ ಲೋಕದಲ್ಲಿ ಯಾವ ವಸ್ತುವೂ ಕೆಟ್ಟದ್ದಾಗಿ ಉಳಿಯುವುದಿಲ್ಲ ಎಂಬುದು ಅವಳ ನಂಬಿಕೆ. ಗರಿ ಮಾತ್ರ ನೆನೆದು ಮೆತ್ತಗಾಗಿ, ಬೇಯಿಸಿದ ಬಸಳೆ ದಂಟಿನಂತೆ ಬಾಗಿಹೋಗಿತ್ತು.

ಆ ಗರಿ ಊದ್ ನುಡಿಸುವುದಕ್ಕೆ ತಂದದ್ದು. ಹಲಸಿನಹಣ್ಣನ್ನು ಎರಡಾಗಿ ಸೀಳಿ ಒಂದು ಹೋಳಿಗೆ ಕುತ್ತಿಗೆ ಕೂಡಿಸಿದಂತೆ ಕಾಣುವ ಈ ಅರಬ್ಬೀ ತಂತಿವಾದ್ಯವನ್ನು ಕೊನ್ರಾಡ್ ಶುಕ್ರವಾರದ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡಿದ್ದ. ಈಗಿನವರು ಪ್ಲಾಸ್ಟಿಕ್ ತುಂಡಿನಿಂದ ಮೀಟುತ್ತಾರೆ, ನೈಲಾನ್ ತಂತಿ ಕಟ್ಟುತ್ತಾರೆ. ಕೊನ್ರಾಡನಿಗೆ ಅದು ಆಗದು. ಹಳೆಯ ರಾಗವನ್ನು ಹಳೆಯ ಕ್ರಮದಲ್ಲೇ ನುಡಿಸಬೇಕು, ಹದ್ದಿನ ಗರಿಯಿಂದ ಮೀಟಬೇಕು, ಆಡಿನ ಕರುಳಿನ ತಂತಿಯೇ ಇರಬೇಕು, ಇಲ್ಲವಾದರೆ ಅದು ಅಸಲಿ ಅಲ್ಲ ಎಂದು ಅವನು ಮೈದಾನ್ ಹವಲ್ಲಿಯ ಆ ಇಡೀ ಬಿಲ್ಡಿಂಗಿಗೆ ಹೇಳಿ ಮುಗಿಸಿದ್ದ. ಕರುಳಿನ ತಂತಿಯನ್ನು ಕಂಪೆನಿಯ ಈಜಿಪ್ಟಿನವನೊಬ್ಬನ ಕೈಯಲ್ಲಿ ಕೈರೋದಿಂದ ತರಿಸಿದ್ದ. ಶುವೈಖಿನ ಸ್ಪೇರ್ ಪಾರ್ಟ್ಸ್ ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದವನಿಗೆ ಅಸಲಿ ಯಾವುದು, ನಕಲಿ ಯಾವುದು ಎಂಬ ವಿಷಯದಲ್ಲಿ ಪಾಠ ಹೇಳುವವರು ಯಾರೂ ಇರಲಿಲ್ಲ.

ಈ ಸಂಶೋಧನೆಯ ಹಿಂದೆ ಒಂದು ನೋವಿತ್ತು. ಕೊನ್ರಾಡನ ಅಜ್ಜ ಪಾವ್ಲು ಮಂಗಳೂರಿನ ಬಂದರಿನಲ್ಲಿ ಮರದ ವಖಾರದ ಗುಮಾಸ್ತ. ಸಂಜೆ ಮೀನು ಮಾರ್ಕೆಟ್ಟಿಗೆ ಒಂದು ಸುತ್ತು ಹೋಗಿ ಬಂದು, ಜಗಲಿಯಲ್ಲಿ ಕೂತು ಮ್ಯಾಂಡೊಲಿನ್ ಮೇಲೆ ಒಂದು ರಾಗ ನುಡಿಸುತ್ತಿದ್ದ. "ಇದು ಕುವೈತಿನ ಹಾಯಿಹಡಗಿನವರು ನನಗೆ ಕಲಿಸಿದ್ದು, ನೂರಾರು ವರ್ಷ ಹಳೆಯದು," ಎನ್ನುತ್ತಿದ್ದ. ಮಾತುಗಳೇನು ಎಂದು ಕೇಳಿದರೆ, ಅರಬ್ಬಿಯಲ್ಲಿದ್ದವು, ಮರೆತುಹೋಯಿತು ಎನ್ನುತ್ತಿದ್ದ. ಊರು ನಂಬಲಿಲ್ಲ. ಅವನಿಗೆ ಬುರುಡೆ ಪಾವ್ಲು ಎಂದು ಹೆಸರಿಟ್ಟಿತು. ಅಜ್ಜ ಸತ್ತರೂ ಹೆಸರು ಸಾಯಲಿಲ್ಲ. ಕೊನ್ರಾಡನಿಗೆ ಹೆಣ್ಣು ಕೊಡುವಾಗ ಲೂರ್ಡ್ಸಳ ಅಪ್ಪ ಕೂಡ, "ಹುಡುಗ ಒಳ್ಳೆಯವನೇ, ಆದರೆ ಬುರುಡೆಯವರ ಮನೆ," ಎಂದಿದ್ದರಂತೆ. ಆ ಮಾತು ಕೊನ್ರಾಡನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಆದ್ದರಿಂದಲೇ ಕುವೈತಿಗೆ ಬಂದ ಮೇಲೆ ಅವನು ಹಡಗಿನವರ ಹಾಡಿನ ಕ್ಯಾಸೆಟ್ಟುಗಳನ್ನು ಹುಡುಕಿ ಹುಡುಕಿ ಕೇಳಿದ. ಒಂದರಲ್ಲೂ ಅಜ್ಜನ ರಾಗ ಸಿಗಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಕೊನ್ರಾಡ್ ಬಿಡಲಿಲ್ಲ. ಕ್ಯಾಸೆಟ್ಟುಗಳಲ್ಲಿ ಸಿಗಲಿಲ್ಲ ಎಂದರೆ ಆ ರಾಗ ಕ್ಯಾಸೆಟ್ಟುಗಳಿಗಿಂತ ಬಹಳ ಹಳೆಯದು ಎಂದೇ ಅರ್ಥ ಎಂದು ತೀರ್ಮಾನಿಸಿದ. ಸಂಶೋಧನೆಗೆ ಬೇಕಾದ ಧೈರ್ಯ ಅವನಲ್ಲಿ ಧಾರಾಳವಾಗಿತ್ತು.

ಕೊನೆಗೆ ಕಂಪೆನಿಯ ಧಣಿ, ತನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಬೂ ಜಾಸಿಮ್ ಬಳಿ ವಿಷಯ ಹೇಳಿದಾಗ ದಾರಿ ತೆರೆಯಿತು. ಆತನ ತಂದೆ ಹಳೆಯ ಕಾಲದ ನಖೋದಾ, ಅಂದರೆ ಹಾಯಿಹಡಗಿನ ಕಪ್ತಾನ. ಮರ ತರಲು ಮಂಗಳೂರಿಗೆ ಎಷ್ಟೋ ಸಲ ಹೋಗಿದ್ದವರು. ಶುಕ್ರವಾರ ಸಂಜೆ ಬಾಬಾನನ್ನು ನಿನ್ನ ಮನೆಗೇ ಕರೆತರುತ್ತೇನೆ, ನುಡಿಸಿ ತೋರಿಸು ಎಂದ ಬೂ ಜಾಸಿಮ್. ಮುದುಕರು ಹೌದೆಂದು ತಲೆಯಾಡಿಸಿದರೆ ಸಾಕು, ಲೇಖನ ಬರೆದು ಕೊಂಕಣಿ ಸಂಘದ ಸ್ಮರಣ ಸಂಚಿಕೆಗೆ ಕೊಡುವುದು, ಅದರ ಪ್ರತಿಯನ್ನು ಮೊದಲು ಮಾವನಿಗೆ ಕಳಿಸುವುದು ಎಂದು ಕೊನ್ರಾಡ್ ನಿಶ್ಚಯಿಸಿದ್ದ.

"ಇವತ್ತು ಸಂಜೆಗೆ ಬುರುಡೆ ಖಲಾಸ್," ಎಂದು ಹೆಂಡತಿಗೆ ಹೇಳಿ, ಅವನು ಗರಿಯನ್ನು ಬಿಸಿಲಿಗೆ ಒಣಗಲು ಇಟ್ಟ. ಬಾಲ್ಕನಿಯ ಗಾಳಿ ಅದನ್ನು ಎತ್ತಿ ಪಕ್ಕದ ಬಿಲ್ಡಿಂಗಿನ ಡಿಶ್ ಆಂಟೆನಾದ ಮೇಲೆ ಕೂರಿಸಿತು. ನಿರುಪಾಯನಾಗಿ ಅಡುಗೆಮನೆಗೆ ಹೋಗಿ, ಐಸ್‌ಕ್ರೀಂ ಡಬ್ಬಿಯ ಮುಚ್ಚಳದಿಂದ ಉದ್ದನೆಯ ಪಟ್ಟಿ ಕತ್ತರಿಸತೊಡಗಿದ. ಹೋಗಲಿ, ತಂತಿಯಾದರೂ ಅಸಲಿ ಇದೆಯಲ್ಲ ಎಂಬ ಸಮಾಧಾನವಿತ್ತು.

ಅಷ್ಟರಲ್ಲಿ ಎದುರು ಫ್ಲಾಟಿನ ಕೊರಗಪ್ಪ ಬಂದ. ದೊಡ್ಡ ಹೋಟೆಲೊಂದರಲ್ಲಿ ಔತಣಕೂಟಗಳ ಉಸ್ತುವಾರಿ ಅವನದು. ಊರಿನಲ್ಲಿ ಭಜನಾ ಮಂಡಳಿಯ ಹಾರ್ಮೋನಿಯಂ ಕೂಡ ಅವನದೇ ಆಗಿತ್ತು. ಸಹಾಯ ಕೇಳಿದರೆ ಮಾತ್ರ ಮಾಡುವ ಕೆಟ್ಟ ಬುದ್ಧಿ ಅವನಿಗಿರಲಿಲ್ಲ. ಹಜಾರದಲ್ಲಿ ಒರಗಿಸಿಟ್ಟ ಊದನ್ನು ಎತ್ತಿಕೊಂಡು ಮೀಟಿ ನೋಡಿದ.

"ಇದು ಎಂತ ಪೊರ್ಬುಗಳೇ, ಸ್ವರ ನಿದ್ದೆಯಲ್ಲಿ ಉಂಟಲ್ಲ. ನಮ್ಮ ಭಜನೆಯ ಶ್ರುತಿಗೆ ಸ್ವಲ್ಪ ಏರಿಸುವ." ಕ್ರಿಸ್ತುವರನ್ನು ಗೌರವದಿಂದ ಪೊರ್ಬುಗಳು ಎಂದು ಕರೆಯುವ ಊರಿನ ರೂಢಿಯನ್ನು ಅವನು ಇಲ್ಲಿಗೂ ತಂದಿದ್ದ.

ಮುಟ್ಟಬೇಡ ಕೊರಗಪ್ಪಣ್ಣ ಎಂದು ಕೊನ್ರಾಡ್ ಅಡುಗೆಮನೆಯಿಂದ ಕೂಗುವುದಕ್ಕೂ ಟಪ್ ಎಂದು ಮೊದಲ ತಂತಿ ಹರಿಯುವುದಕ್ಕೂ ಸರಿಹೋಯಿತು. ಒಂದು ಹರಿದದ್ದಕ್ಕೆ ಉಳಿದವು ಸಡಿಲಾಗಿರಬಹುದೆಂದು ಕೊರಗಪ್ಪ ಅವನ್ನೂ ಬಿಗಿದ. ಕೊನ್ರಾಡ್ ಓಡಿ ಬರುವಷ್ಟರಲ್ಲಿ ಕೈರೋದ ಆಡಿನ ಕರುಳು ಸುರುಳಿ ಸುರುಳಿಯಾಗಿ ನೆಲದ ಮೇಲೆ ಬಿದ್ದಿತ್ತು.

"ಮಾಲು ಅಷ್ಟು ಗಟ್ಟಿ ಇರಲಿಲ್ಲ," ಎಂದ ಕೊರಗಪ್ಪ. ಕೊನ್ರಾಡನಿಗೆ ಅಳು ಬಂತು. ಆದರೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ವಾದ್ಯದಂಗಡಿಗಳೆಲ್ಲ ಮುಚ್ಚಿರುತ್ತವೆ. ತೆರೆದಿದ್ದದ್ದು ಬಿಲ್ಡಿಂಗಿನ ಕೆಳಗಿನ ಮೊಯ್ದಿನಬ್ಬನ ಬಕಾಲ ಒಂದೇ. ಸಾಬೂನಿನಿಂದ ಬದನೆಯವರೆಗೆ ಎಲ್ಲ ಸಿಗುವ ಅಂಗಡಿ. ವಿಷಯ ಪೂರ್ತಿ ಕೇಳಿಕೊಳ್ಳದೆ ಮೊಯ್ದಿನಬ್ಬ ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲವಾದ್ದರಿಂದ, ಪಾವ್ಲಜ್ಜನಿಂದ ಹಿಡಿದು ಹಕ್ಕಿಜ್ವರದವರೆಗೆ ಎಲ್ಲವನ್ನೂ ಹೇಳಬೇಕಾಯಿತು. ಕೊನೆಗೆ ಅವನು ಕಪಾಟಿನ ಮೂಲೆಯಿಂದ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರದ ಸುರುಳಿ ತೆಗೆದುಕೊಟ್ಟ. ಅಸಲಿ ಅಲ್ಲದ್ದೆಲ್ಲ ಒಂದೊಂದಾಗಿ ಕೊನ್ರಾಡನ ಮನೆ ಸೇರುತ್ತಿತ್ತು.

ಸಂಜೆ ಬೂ ಜಾಸಿಮ್ ತಂದೆಯ ಕೈಹಿಡಿದು ಬಂದ. ನಖೋದಾ ತೀರಾ ವಯಸ್ಸಾದವರು, ಆದರೆ ನಡಿಗೆಯಲ್ಲಿ ಈಗಲೂ ಹಡಗಿನ ಮೇಲಿದ್ದವರ ಹಾಗೆ ಕಾಲು ಅಗಲಿಸಿ ಊರುತ್ತಿದ್ದರು. ಮುಂಬಯಿ ಬಂದರಿನಲ್ಲಿ ಕಲಿತ ಹಿಂದಿ ಅವರ ನಾಲಗೆಯಲ್ಲಿ ಇನ್ನೂ ಇತ್ತು, ಹೀಗಾಗಿ ಮಾತೆಲ್ಲ ಹಿಂದಿಯಲ್ಲೇ ನಡೆಯಿತು. ಲೂರ್ಡ್ಸ್ ಚಹಾ ಕೊಟ್ಟಳು. ಕೊರಗಪ್ಪನನ್ನು ಯಾರೂ ಕರೆದಿರಲಿಲ್ಲ, ಅವನು ಮುಂದಿನ ಕುರ್ಚಿಯಲ್ಲೇ ಇದ್ದ.

ಮುದುಕರು ಊದನ್ನು ಕೈಗೆತ್ತಿಕೊಂಡು ತಂತಿ ಸವರಿದರು. ಕೊನ್ರಾಡ್ ಐಸ್‌ಕ್ರೀಂ ಡಬ್ಬಿಯ ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಮೀನಿನ ದಾರ," ಎಂದರು ಅವರು. "ಶಾಬಾಶ್. ಹಡಗಿನ ಮೇಲೆ ನಮಗೆ ಬೇರೆ ತಂತಿ ಎಲ್ಲಿತ್ತು? ಹರಿದರೆ ಗಾಳದ ದಾರವೇ ಕಟ್ಟುತ್ತಿದ್ದೆವು. ಇದು ನಿನಗೆ ಯಾರು ಹೇಳಿದರು?"

"ಸಂಶೋಧನೆ," ಎಂದ ಕೊನ್ರಾಡ್, ಕೊರಗಪ್ಪನ ಕಡೆ ನೋಡದೆ. ಹೋಗಿದ್ದ ಧೈರ್ಯ ಬಡ್ಡಿ ಸಮೇತ ವಾಪಸು ಬಂತು. ಐಸ್‌ಕ್ರೀಂ ಡಬ್ಬಿಯ ಪಟ್ಟಿ ಹಿಡಿದು, ಕಣ್ಣುಮುಚ್ಚಿ, ಅಜ್ಜನನ್ನು ನೆನೆದು ನುಡಿಸತೊಡಗಿದ.

ನಾಲ್ಕು ಸ್ವರ ಕೇಳುತ್ತಿದ್ದಂತೆ ಬೂ ಜಾಸಿಮ್ ನೆಟ್ಟಗೆ ಕೂತ. ಇನ್ನು ಸ್ವಲ್ಪದರಲ್ಲಿ ಚಪ್ಪಾಳೆಯ ತಾಳ ಹಾಕತೊಡಗಿದ. ಮುದುಕರ ಕಣ್ಣಲ್ಲಿ ನೀರು ಬಂತು. "ಇದು ನಮ್ಮ ಮನೆಯ ಮದುವೆ ಹಾಡು," ಎಂದ ಬೂ ಜಾಸಿಮ್. "ನನ್ನ ಮದುವೆಗೂ ಹಾಡಿದ್ದಾರೆ, ತಮ್ಮಂದಿರ ಮದುವೆಗೂ ಹಾಡಿದ್ದಾರೆ. ಇದು ನಿನಗೆ ಹೇಗೆ ಗೊತ್ತು?"

ಕೊನ್ರಾಡ್ ಊದನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ. ಮೂರು ತಲೆಮಾರಿನ ಅವಮಾನ ಆ ಒಂದು ನೋಟದಲ್ಲಿ ತೊಳೆದುಹೋಗುತ್ತಿತ್ತು. ಲೂರ್ಡ್ಸಳ ಕಣ್ಣೂ ಒದ್ದೆಯಾಯಿತು. ಪಾಪ, ಒಳ್ಳೆಯ ಮುದುಕನನ್ನು ಸುಮ್ಮನೆ ಆಡಿಕೊಂಡೆವಲ್ಲ ಎಂದು ಅವಳಿಗೆ ನಿಜವಾಗಿಯೂ ಅನಿಸಿತ್ತು.

"ಹಾಗಾದರೆ ಇದು ಕುವೈತಿನ ಅಸಲಿ ರಾಗ, ಅಲ್ಲವೇ ಬಾಬಾ?" ಎಂದು ಕೇಳಿದ ಕೊನ್ರಾಡ್. ಎಲ್ಲರೆದುರು ಒಮ್ಮೆ ಬಾಯಿಬಿಟ್ಟು ಹೇಳಿಸಬೇಕೆಂಬ ಆಸೆ ಅವನಿಗೆ.

ನಖೋದಾ ಕಣ್ಣೊರೆಸಿಕೊಂಡು ತಲೆಯಲ್ಲಾಡಿಸಿದರು. "ಕುವೈತಿನದಲ್ಲ ಮಗನೇ, ನಿಮ್ಮದು. ಮಂಗಳೂರಿನದು."

ಒಂದು ವರ್ಷ ಮರ ಬರುವುದು ತಡವಾಗಿ ಅವರ ಹಡಗು ಮಂಗಳೂರಿನ ಬಂದರಿನಲ್ಲೇ ನಿಂತಿತ್ತಂತೆ. ವಖಾರದಲ್ಲಿ ಒಬ್ಬ ತೆಳ್ಳಗಿನ ಗುಮಾಸ್ತ ಸಣ್ಣ ಹೊಟ್ಟೆಯ ವಾದ್ಯ ನುಡಿಸುತ್ತಿದ್ದನಂತೆ. ಅವನ ಕಿವಿ ಕೂಡ ನಿನ್ನ ಹಾಗೆಯೇ ಎದ್ದು ನಿಂತಿತ್ತು ಎಂದು ಮುದುಕರು ಕೊನ್ರಾಡನ ಕಿವಿ ಮುಟ್ಟಿ ತೋರಿಸಿದರು. ಊರಿಗೆ ಹೋದ ಕೂಡಲೇ ನನ್ನ ಮದುವೆ, ನಿಮ್ಮ ಕಡೆಯ ಒಂದು ಮದುವೆ ಹಾಡು ಕಲಿಸು ಎಂದು ಇವರು ಕೇಳಿದ್ದಕ್ಕೆ, ನೂರಾರು ವರ್ಷದಿಂದ ನಮ್ಮ ಹಿರಿಯರು ಹಾಡಿಕೊಂಡು ಬಂದದ್ದು ಎಂದು ಹೇಳಿ ಇದನ್ನು ಕಲಿಸಿದನಂತೆ. ಮಾತುಗಳನ್ನೂ ಕಲಿಸಿದನಂತೆ.

ಅಜ್ಜ ಕುವೈತಿನವರಿಗೆ ಮಂಗಳೂರಿನದೆಂದು, ಮಂಗಳೂರಿನವರಿಗೆ ಕುವೈತಿನದೆಂದು ಹೇಳಿದ ಮೇಲೆ, ರಾಗ ಹುಟ್ಟಿದ್ದು ಎಲ್ಲಿ ಎಂದು ಊಹಿಸಲು ದೊಡ್ಡ ಪಂಡಿತನೇನೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಮುದುಕರು ಎದೆಯ ಮೇಲೆ ಕೈಯಿಟ್ಟು, ಭಕ್ತಿಯಿಂದ, ಒಂದಕ್ಷರವೂ ತಪ್ಪದಂತೆ ಹಾಡತೊಡಗಿದ್ದರು.

"ಬಾಂಗ್ಡೆ ಮ್ಹಾರಗ್, ತಾರ್ಲೆ ಸವಾಯ್, ಸುಂಗ್ಟಾಂ ನಾಂತ್ ಮರಿಯಾ ಬಾಯ್..."

ಅಪ್ಪಟ ಕೊಂಕಣಿ. ಬಂಗುಡೆ ತುಟ್ಟಿ, ಬೂತಾಯಿ ಅಗ್ಗ, ಸಿಗಡಿ ಇಲ್ಲ ಮರಿಯಾ ಬಾಯಿ. ಸಂಜೆ ಮೀನು ಮಾರ್ಕೆಟ್ಟಿನಿಂದ ಬರುತ್ತಿದ್ದ ಪಾವ್ಲಜ್ಜ ಹೆಂಡತಿಗೆ ಒಪ್ಪಿಸುತ್ತಿದ್ದ ವರದಿ ಅದು. ಕೊರಗಪ್ಪ ಕುರ್ಚಿ ಬಿಟ್ಟು ಅಡುಗೆಮನೆಗೆ ಓಡಿದ. ಅಲ್ಲಿಂದ ಪಾತ್ರೆ ಬಿದ್ದ ಸದ್ದು ಬಂತು. ಲೂರ್ಡ್ಸ್ ಚಹಾದ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

"ಇಷ್ಟು ವರ್ಷ ಹಾಡಿದ್ದೇವೆ, ಮಾತಿನ ಅರ್ಥ ನಮಗ್ಯಾರಿಗೂ ಗೊತ್ತಿಲ್ಲ," ಎಂದ ಬೂ ಜಾಸಿಮ್. "ಬಾಬಾ ಏನೋ ಹೇಳುತ್ತಾರೆ. ಸರಿಯಾದದ್ದನ್ನು ನೀನು ಹೇಳು."

ಕೊನ್ರಾಡ್ ಮುದುಕರ ಒದ್ದೆ ಕಣ್ಣು ನೋಡಿದ. ವಾಸದ ಪರವಾನಗಿಯಾದ ಇಕಾಮಾಕ್ಕೆ ಸಹಿ ಹಾಕುವ ಕಫೀಲನ ಮುಖ ನೋಡಿದ. ಆ ಮನೆಯ ಎಲ್ಲ ಮದುಮಕ್ಕಳನ್ನೂ ಬಂಗುಡೆ ಬೂತಾಯಿಯ ಕ್ರಯ ಹೇಳಿ ಹರಸಿದ್ದಾರೆಂದು ಹೇಳುವುದು ಹೇಗೆ? ಗಂಟಲು ಸರಿಮಾಡಿಕೊಂಡ.

"ಮದುಮಗಳು ಮುತ್ತಿನ ಹಾಗೆ, ಮದುಮಗ ಸಮುದ್ರದ ಹಾಗೆ, ತಾಯಿ ಮರಿಯಮ್ ಇಬ್ಬರನ್ನೂ ಕಾಪಾಡಲಿ," ಎಂದ.

ನಖೋದಾ ಎದ್ದು ನಿಂತು ಅವನನ್ನು ತಬ್ಬಿಕೊಂಡರು. "ಇದೇ, ಇದೇ ಮಾತು! ಆ ಗುಮಾಸ್ತನೂ ನನಗೆ ಹೀಗೆಯೇ ಹೇಳಿದ್ದು. ಮುತ್ತು, ಸಮುದ್ರ, ಮರಿಯಮ್. ಒಂದಕ್ಷರ ವ್ಯತ್ಯಾಸವಿಲ್ಲ."

ಲೂರ್ಡ್ಸ್ ತಟ್ಟೆಯನ್ನು ಕೆಳಗಿಳಿಸಿದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದಳು: "ರಾಗದ್ದು ಗೊತ್ತಿಲ್ಲ. ನೀನು ಮಾತ್ರ ಅಸಲಿ."

ಬೂ ಜಾಸಿಮ್‌ನ ಸಂತೋಷಕ್ಕೆ ಮೇರೆಯಿರಲಿಲ್ಲ. ಬರುವ ಗುರುವಾರ ಅವನ ಹಿರಿಯ ಮಗ ಜಾಸಿಮ್‌ನ ಮದುವೆ; ಬೂ ಜಾಸಿಮ್ ಎಂದರೆ ಜಾಸಿಮ್‌ನ ಅಪ್ಪ ಎಂದೇ ಅರ್ಥ. ಬಾಬಾನಿಗೆ ಈಗ ಉಸಿರು ಸಾಲದು, ಕೊನ್ರಾಡನೇ ಮೈಕಿನ ಮುಂದೆ ಮಾತು ಸಮೇತ ಹಾಡಬೇಕು, ಬೇಡ ಅನ್ನಕೂಡದು ಎಂದ. ಕೊನ್ರಾಡ್ ಹಲ್ಲು ಕಚ್ಚಿ ಒಪ್ಪಿದ. ತುಂಬಿದ ಅರಬ್ಬರ ಸಭೆಯಲ್ಲಿ ಕೊಂಕಣಿ ಯಾರಿಗೆ ತಿಳಿಯುತ್ತದೆ ಎಂಬ ಒಂದು ಧೈರ್ಯ ಉಳಿದಿತ್ತು.

ಕೊರಗಪ್ಪ ಕಣ್ಣೊರೆಸಿಕೊಂಡು ಅಡುಗೆಮನೆಯಿಂದ ಹೊರಬಂದ. "ಜಾಸಿಮ್‌ನ ಮದುವೆಯಾ? ಅದು ನಮ್ಮ ಹೋಟೆಲಿನದೇ ಊಟ ಪೊರ್ಬುಗಳೇ. ಬಡಿಸುವವರೆಲ್ಲ ನಮ್ಮ ಊರಿನವರು."

ಅತಿಥಿಗಳನ್ನು ಕಾರಿನವರೆಗೆ ಬಿಟ್ಟುಬರಲು ಕೊನ್ರಾಡ್ ಕೆಳಗಿಳಿದ. ಲಿಫ್ಟಿಗಿಂತ ಕೊರಗಪ್ಪನ ಮೊಬೈಲು ಜೋರಾಗಿ ಓಡಿತ್ತೋ ಏನೋ, ಕಾರು ಹೊರಟು ಅವನು ತಿರುಗುವಷ್ಟರಲ್ಲಿ ಮೊಯ್ದಿನಬ್ಬ ಬಕಾಲದ ಬಾಗಿಲಿಗೇ ಬಂದು ನಿಂತಿದ್ದ.

"ಬುರುಡೆ ಕೊನ್ರಾಡ್ ಪೊರ್ಬುಗಳೇ," ಎಂದು ಕರೆದ ಮೊಯ್ದಿನಬ್ಬ, "ಇವತ್ತು ಬಂಗುಡೆಗೆ ಎಷ್ಟಂತೆ?"